ಮೈಸೂರು ಸೀಮೆಯಲ್ಲಿ ಕಸುಬಿನ ವಿದ್ಯಾಭ್ಯಾಸ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಬೇಕು. ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ, ಅಕ್ಕಿಪೇಟೆ: ಒಂದೊಂದು ಬೀದಿಯೂ ಒಂದೊಂದು ಕಸುಬಿನ ಅಥವಾ ಸರಕಿನ ಹೆಸರನ್ನು ಹೊತ್ತಿದೆ. ಕೋಟೆಯ ಮಗ್ಗುಲಿನಲ್ಲಿ 1892ನೆಯ ಇಸವಿಯಲ್ಲಿ ಅಳತೆಮಾಡಿ ಬಿಡಿಸಿದ ಚಾಮರಾಜಪೇಟೆಗೆ ಬಂದರೆ ಒಂದನೆಯ ರಸ್ತೆ, ಎರಡನೆಯ ರಸ್ತೆ ಎಂದು ಅಂಕೆಗಳು ಪ್ರಾರಂಭವಾಗುತ್ತವೆ. ಆಗ ಆಳುತ್ತಿದ್ದ ಶ್ರೀ ಚಾಮರಾಜೇಂದ್ರ ಒಡೆಯರವರ ಹೆಸರನ್ನು ಪಡೆದ ಈ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರು ಬಹುಮಟ್ಟಿಗೆ ಸರ್ಕಾರದ ನೌಕರರು, ವಕೀಲರು, ಉಪಾಧ್ಯಾಯರು. ಪೇಟೆಯವನ ಮಗನು ತಂದೆಯ ಪಕ್ಕದಲ್ಲಿ ಕುಳಿತು ಕಲಿತನು. ಬಡಾವಣೆಯವನ ಮಗನು ಮಣೆಯ ಮೇಲೆ ಕುಳಿತು ಪುಸ್ತಕದಿಂದ ಕಲಿತನು. ನಡುವೆ ಇದ್ದುದು ಹತ್ತು ನಿಮಿಷದ ಕಾಲ್ನಡಿಗೆ ಮಾತ್ರ. ಈ ಎರಡು ಬಗೆಯ ಕಲಿಕೆಗಳನ್ನು ಒಂದೇ ಛಾವಣಿಯ ಕೆಳಗೆ ತರಬೇಕೆಂದು ಮೈಸೂರು ಸಂಸ್ಥಾನದವರು ಎಷ್ಟು ಸಲ ಕೈಹಾಕಿದರು, ಅದರಲ್ಲಿ ಎಷ್ಟು ಕೈಗೂಡಿತು, ಎಷ್ಟು ಕೈತಪ್ಪಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಹಳೆಯ ಕ್ರಮವನ್ನು ನೆನೆಯೋಣ. ಊರಿನ ಕೂಲಿಮಠದಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಕಡತದಲ್ಲಿ ಲೆಕ್ಕ ಬರೆಯುವಷ್ಟು ಕಲಿಸುತ್ತಿದ್ದರು. ವ್ಯಾಪಾರಿಯ ಮಗನಿಗೆ, ಶಾನುಭೋಗನ ಮಗನಿಗೆ ಅದು ಬದುಕಿನ ವಿದ್ಯೆಯೇ ಆಗಿದ್ದಿತು. ಕಸುಬುದಾರನ ಮಗನಿಗಾದರೋ ಮನೆಯೇ ಶಾಲೆ. ಕಮ್ಮಾರನ ಹುಡುಗನು ಮೊದಲು ತಿದಿ ಒತ್ತುವನು; ಇಕ್ಕಳ ಹಿಡಿಯುವನು; ಕೆಲವು ವರ್ಷಗಳಾದ ಮೇಲೆ ಸುತ್ತಿಗೆಯು ಕೈಗೆ ಬರುವುದು. ನೇಕಾರನ ಮನೆಯಲ್ಲಿ ಮಕ್ಕಳು ಲಾಳಿಗೆ ನೂಲು ಸುತ್ತುವುದರಿಂದ ಪ್ರಾರಂಭಿಸಿ ಹಾಸು ಹೊಕ್ಕುಗಳ ಮರ್ಮವನ್ನು ತಿಳಿದು ಕೊನೆಗೆ ಮಗ್ಗದ ಗುಣಿಗೆ ಇಳಿಯುವರು. ಇದರಲ್ಲಿ ಪರೀಕ್ಷೆಯಿಲ್ಲ, ಫೀಜಿಲ್ಲ, ನಪಾಸೆಂಬ ಮಾತಿಲ್ಲ. ಮಾಡಿದ ಪದಾರ್ಥವು ಸಂತೆಯಲ್ಲಿ ಬಿಕರಿಯಾದರೆ ಅದೇ ತೇರ್ಗಡೆ. ಆದರೆ ಈ ವ್ಯವಸ್ಥೆಯನ್ನು ಹೊಗಳಿ ಹಾಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಕಮ್ಮಾರನ ಮಗನಲ್ಲದವನಿಗೆ ಆ ಕುಲುಮೆಯ ಬಾಗಿಲು ತೆರೆದಿರಲಿಲ್ಲ, ಕಮ್ಮಾರನ ಮಗನಿಗೆ ಬೇರೆ ಬಾಗಿಲೂ ತೆರೆದಿರಲಿಲ್ಲ. ಕಬ್ಬಿಣವು ವಿಲಾಯತಿಯಿಂದ ಹಡಗಿನಲ್ಲಿ ಬಂದಿಳಿಯತೊಡಗಿದಾಗ, ನೂಲು ಬಟ್ಟೆಗಳು ಗಿರಣಿಯಿಂದ ಬರತೊಡಗಿದಾಗ, ಬದಲಾವಣೆಗೆ ತಕ್ಕಂತೆ ಹೊಸದನ್ನು ಕಲಿಸಬಲ್ಲ ಸ್ಥಳವು ಆ ವ್ಯವಸ್ಥೆಯೊಳಗೆ ಎಲ್ಲಿಯೂ ಇರಲಿಲ್ಲ.

1854ನೆಯ ಇಸವಿಯ ವುಡ್ಡರ ಪ್ರಸಿದ್ಧವಾದ ವಿದ್ಯಾಶಾಸನದ ತರುವಾಯ, ಇಂಗ್ಲಿಷರ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರಿನಲ್ಲಿಯೂ 1857ರಲ್ಲಿ ವಿದ್ಯಾಭ್ಯಾಸದ ಇಲಾಖೆಯು ಏರ್ಪಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಸ್ಥಾಪಿತವಾದ ಹೈಸ್ಕೂಲೇ ಮುಂದೆ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. ಶಾಸನಗಳ ಸಂಶೋಧನೆಯಿಂದ ಕನ್ನಡಿಗರೆಲ್ಲರ ಕೃತಜ್ಞತೆಗೆ ಪಾತ್ರರಾದ ಬಿ. ಎಲ್. ರೈಸ್ ಸಾಹೇಬರು 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಏರ್ಪಾಡನ್ನು ಮಾಡಿದರು. ರೈತನ ಮಗನಿಗೆ ಕನ್ನಡದಲ್ಲಿ ಓದು, ಬರಹ, ಲೆಕ್ಕಗಳನ್ನು ಕಲಿಸುವ ಈ ಶಾಲೆಗಳು ಸಂಸ್ಥಾನದ ವಿದ್ಯಾಭ್ಯಾಸಕ್ಕೆ ತಳಹದಿಯಾದುವು. ಆದರೂ ಮೇಲಿನ ಅಂತಸ್ತಿನಲ್ಲಿ ಎಳೆಯುತ್ತಿದ್ದ ಶಕ್ತಿಯೇ ಬೇರೆ. ಅಮಲ್ದಾರಿಕೆಗೆ, ಗುಮಾಸ್ತಿಕೆಗೆ, ವಕೀಲಿಗೆ ಮದರಾಸು ಯೂನಿವರ್ಸಿಟಿಯ ಪರೀಕ್ಷೆಯೇ ಹೆಬ್ಬಾಗಿಲಾಗಿದ್ದುದರಿಂದ, ಹಳ್ಳಿಯ ಶಾಲೆಯ ಜಾಣ ಹುಡುಗನು ಕೂಡ ಕಣ್ಣಿಟ್ಟುದು ಆ ಬಾಗಿಲಿನ ಮೇಲೆಯೇ.

ಇದೇ ಕಾಲದಲ್ಲಿ ಕನ್ನಡನಾಡಿನ ಇನ್ನೊಂದು ಮೂಲೆಯಲ್ಲಿ ಬೇರೊಂದು ಪ್ರಯೋಗವು ನಡೆಯುತ್ತಿದ್ದಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚಿನ ಕೂಟವನ್ನೂ, 1851ರಲ್ಲಿ ನೆಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಮತವನ್ನು ಬಿಟ್ಟು ಬಂದವರಿಗೆ ಕುಲದ ಕಸುಬೂ ಕೈಬಿಟ್ಟುಹೋಗುತ್ತಿದ್ದುದರಿಂದ ಅವರ ಹೊಟ್ಟೆಪಾಡಿಗೆ ಒಂದು ದಾರಿಯನ್ನು ಕಾಣಿಸಬೇಕಾಯಿತೆಂಬುದು ಇದರ ಕಾರಣ. ಕಾರಣವೇನೇ ಇರಲಿ, ಶಾಲೆಯ ಪಕ್ಕದಲ್ಲಿಯೇ ಕಾರ್ಖಾನೆಯೂ ಇದ್ದು, ಅಕ್ಷರ ಕಲಿತವನು ಅಲ್ಲಿಯೇ ಕೆಲಸವನ್ನೂ ಕಲಿತು ಅಲ್ಲಿಯೇ ಸಂಬಳವನ್ನೂ ಪಡೆಯುವ ಕ್ರಮವು ಕನ್ನಡಿಗರ ಕಣ್ಣೆದುರಿಗೆ ಬಂದುದು ಹೀಗೆ. ಮಂಗಳೂರು ಹೆಂಚು ದೇಶದೇಶಾಂತರಗಳಿಗೆ ಹೋಯಿತು. ಸರ್ಕಾರದ ಕಸುಬಿನ ಶಾಲೆಗಳಿಗೆ ಮುಂದೆ ದೊರೆಯದೆ ಹೋದ ಭಾಗ್ಯವು ಇದೇ: ಕಲಿತ ಕೆಲಸಕ್ಕೆ ಗೋಡೆಯಾಚೆಯೇ ಗಿರಾಕಿ.

ಬೆಂಗಳೂರಿನಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯೊಂದು ಬಸವನಗುಡಿಯ ದಕ್ಷಿಣಕ್ಕೆ ಇದ್ದಿತು. ಜಮಶೇಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಸರ್ಕಾರದ ನೆರವಿನಿಂದ, ರೇಷ್ಮೆಯ ತೋಟವೊಂದನ್ನು ಮಾಡಿ ಅದಕ್ಕೆ ಜಪಾನಿನಿಂದ ಓಡ್ಜು ಎಂಬ ದಂಪತಿಗಳನ್ನು ಕರೆಸಿಕೊಂಡರು. ಹಿಪ್ಪುನೇರಳೆಯ ಬೇಸಾಯ, ಹುಳುವಿನ ಸಾಕಣೆ, ಮೊಟ್ಟೆಯ ರೋಗಪರೀಕ್ಷೆ, ನೂಲು ತೆಗೆಯುವುದು ಇವುಗಳನ್ನು ಅಲ್ಲಿ ಹುಡುಗರು ನೋಡಿ ಮಾಡಿ ಕಲಿತರು. ಟಾಟಾ ಅವರು 1904ರಲ್ಲಿ ತೀರಿಹೋದರು. 1910ರಲ್ಲಿ ತೋಟವು ಮುಕ್ತಿಸೇನೆಯವರ ವಶಕ್ಕೆ ಹೋಯಿತು. ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಮಾತ್ರ ಆ ಪ್ರದೇಶಕ್ಕೆ ಉಳಿದುಬಂದಿದೆ. ಟಾಟಾ ಅವರ ಇನ್ನೊಂದು ಸಂಕಲ್ಪವಾದ ವಿಜ್ಞಾನಮಂದಿರಕ್ಕೆ ಮೈಸೂರು ಸರ್ಕಾರದವರು ಸುಮಾರು 370 ಎಕರೆ ಭೂಮಿಯನ್ನು ಕೊಟ್ಟುದನ್ನೂ, 1909ರಲ್ಲಿ ಅದು ಶಾಸನಬದ್ಧವಾಗಿ 1911ರಲ್ಲಿ ವಿದ್ಯಾರ್ಥಿಗಳಿಗೆ ತೆರೆದುದನ್ನೂ ಎಲ್ಲರೂ ಬಲ್ಲರು. ಒಬ್ಬನೇ ಮನುಷ್ಯನು ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ, ಹುಳು ಸಾಕುವ ಹುಡುಗನಿಗೂ ರಸಾಯನಶಾಸ್ತ್ರದ ಪಂಡಿತನಿಗೂ ಸ್ಥಳ ಹುಡುಕಿದನೆಂಬುದು ಗಮನಿಸತಕ್ಕ ಮಾತು. ಪಂಡಿತನ ಮನೆ ಬೆಳೆಯಿತು. ಹುಡುಗನ ಮನೆ ಬಸ್ಸು ನಿಲ್ಲುವ ಸ್ಥಳದ ಹೆಸರಾಯಿತು.

ಮೈಸೂರು ನಗರದಲ್ಲಿ ಸರ್ಕಾರದವರೇ ನಡೆಸುತ್ತಿದ್ದ ಕೈಗಾರಿಕೆಯ ಶಾಲೆಗೆ, ದಿವಂಗತರಾದ ಮಹಾರಾಜರ ಸ್ಮಾರಕವಾಗಿ, ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನ ದೊಡ್ಡ ಕಟ್ಟಡವು ಏರ್ಪಟ್ಟಿತು. 1906ರಲ್ಲಿ ಅದರ ಅಸ್ತಿಭಾರವನ್ನು ಹಾಕಿದವರು ಆಗ ಯುವರಾಜರಾಗಿದ್ದು ಮುಂದೆ ಐದನೆಯ ಜಾರ್ಜ್ ಚಕ್ರವರ್ತಿಗಳಾದವರು. ಕಟ್ಟಡವು ಮುಗಿದು ತೆರೆದುದು 1913ರಲ್ಲಿ. ಮರದ ಕೆತ್ತನೆ, ದಂತದ ಕೂಡಿಕೆ, ಚಿತ್ರ, ಲೋಹದ ಕೆಲಸ ಇವುಗಳಿಗೆ ಅದು ಹೆಸರಾಯಿತು. ಅಲ್ಲಿಂದ ಹೊರಬಿದ್ದ ಗಂಧದ ಪೆಟ್ಟಿಗೆಗಳೂ ಬೀಟೆಯ ಪೀಠೋಪಕರಣಗಳೂ ಅರಮನೆಗಳನ್ನೂ ವಸ್ತುಪ್ರದರ್ಶನಗಳನ್ನೂ ಅಲಂಕರಿಸಿದುವು. ಸುಂದರವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಅರಮನೆಯನ್ನೂ ಪ್ರವಾಸಿಗಳನ್ನೂ ನಂಬಿದ ಕೆಲಸ. ಹಳ್ಳಿಯ ಬಡಗಿಯ ನೇಗಿಲಿಗೂ ಗಾಡಿಯ ಚಕ್ರಕ್ಕೂ ಅದರಿಂದ ಆದ ಪ್ರಯೋಜನವು ಸ್ವಲ್ಪವೇ.

ಇಷ್ಟು ಹಿನ್ನೆಲೆಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪ್ರವೇಶವಾಗುತ್ತದೆ. ಅವರ ಕಾಲವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಏಕೆಂದರೆ ಅವರ ಹಿಂದಿನವರಲ್ಲಿ ಬಿಡಿಬಿಡಿಯಾಗಿದ್ದ ಪ್ರಯತ್ನಗಳು ಅವರ ಕೈಯಲ್ಲಿ ಒಂದು ಯೋಜನೆಯಾದುವು. ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ ಬಂದು, ಸೋದರಮಾವನ ಆಶ್ರಯದಲ್ಲಿದ್ದು, ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವು ನೋಡಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ. ಎ. ಪದವಿಯನ್ನು ಪಡೆದವರು ಅವರು. ಎಂಜಿನಿಯರಿಂಗ್ ಓದುವುದಕ್ಕೆ ಸಂಸ್ಥಾನದೊಳಗೆ ಕಾಲೇಜಿಲ್ಲದೆ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಬೇಕಾಯಿತು. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗಲೇ 1898ರಲ್ಲಿ ಜಪಾನನ್ನು ಸುತ್ತಿ ಬಂದರು. 1868ರ ಮೇಜಿ ಪರಿವರ್ತನೆಯಿಂದ ಮೂವತ್ತೇ ವರ್ಷಗಳಲ್ಲಿ, ಮೊದಲು ಊರೂರಿಗೆ ಶಾಲೆ, ಜೊತೆಯಲ್ಲಿಯೇ ಕಾರ್ಖಾನೆ, ಅದರ ಜೊತೆಗೆ ಕಸುಬಿನ ಶಾಲೆ, ಹೀಗೆ ಒಂದು ದೇಶವು ಎದ್ದು ನಿಂತುದನ್ನು ಕಂಡ ಮೇಲೆ ಅವರ ಮನಸ್ಸಿನಲ್ಲಿ ಆ ಚಿತ್ರವು ಮಾಸಲಿಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದವರು, ಕಟ್ಟೆ ಕಾಲುವೆಗಳಷ್ಟೇ ತಮ್ಮ ಕೆಲಸವೆಂದು ಸುಮ್ಮನಿರಲಿಲ್ಲ.

1911ರ ಜೂನ್ ತಿಂಗಳಿನಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಮೈಸೂರು ಆರ್ಥಿಕ ಸಮ್ಮೇಲನವನ್ನು ಪ್ರಾರಂಭಿಸಿದರು. ಅದರಲ್ಲಿ ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ಸಮಿತಿಗಳು. ಹಣಕಾಸಿನ ಸಮ್ಮೇಲನದಲ್ಲಿ ವಿದ್ಯಾಭ್ಯಾಸಕ್ಕೊಂದು ಸಮಿತಿಯನ್ನಿಟ್ಟುದೇ ಹೊಸ ಮಾತು. ಓದು ಬರಹಗಳು ಧರ್ಮಾರ್ಥವಾಗಿ ಕೊಡುವ ದಾನವಲ್ಲ, ದೇಶದ ಉತ್ಪತ್ತಿಗೆ ಹೂಡುವ ಬಂಡವಾಳ ಎಂಬ ಭಾವನೆಯು ಆ ಏರ್ಪಾಡಿನಲ್ಲಿಯೇ ಅಡಗಿದ್ದಿತು. ಆಗ ಸಂಸ್ಥಾನದಲ್ಲಿ ಓದು ಬಲ್ಲವರು ನೂರಕ್ಕೆ ಆರರಷ್ಟು. 1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮರುವರ್ಷವೇ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಬಂದು, ಗೊತ್ತುಮಾಡಿದ ಸ್ಥಳಗಳಲ್ಲಿ ಗಂಡುಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯವಾಯಿತು. ಬರೋಡೆಯಲ್ಲಿ ಸಯಾಜಿರಾಯರು 1906ರಲ್ಲಿಯೇ ಇದನ್ನು ರಾಜ್ಯಕ್ಕೆಲ್ಲ ಹಬ್ಬಿಸಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರು ತಂದ ಮಸೂದೆಯಾದರೋ 1912ರಲ್ಲಿ ಬಿದ್ದುಹೋಗಿದ್ದಿತು.

ಈ ದಿವಾನಗಿರಿಯ ಆರು ವರ್ಷಗಳಲ್ಲಿ, ಮೊದಲಿದ್ದ ಸುಮಾರು 4,500 ಶಾಲೆಗಳಿಗೆ ಸುಮಾರು 6,500 ಹೊಸ ಶಾಲೆಗಳು ಕೂಡಿದುವು. ಓದುವ ಮಕ್ಕಳ ಸಂಖ್ಯೆ ಸುಮಾರು 1,40,000ದಿಂದ 3,66,000ಕ್ಕೆ ಏರಿತು. ಲೆಕ್ಕ ಹಾಕಿ ನೋಡಿದರೆ ಮೊದಲು ಶಾಲೆಯೊಂದಕ್ಕೆ ಮೂವತ್ತೊಂದು ಮಕ್ಕಳು, ಕೊನೆಗೆ ಮೂವತ್ತಮೂರು. ಅಂದರೆ ಇದ್ದ ಶಾಲೆಗಳು ದೊಡ್ಡವಾಗಲಿಲ್ಲ; ಶಾಲೆಯೇ ಇಲ್ಲದ ಊರುಗಳಿಗೆ ಒಬ್ಬ ಮೇಷ್ಟರು ನಡೆಸುವಂಥ ಚಿಕ್ಕ ಶಾಲೆಗಳು ಹೋದುವು. ದೂರ ನಡೆಯಲಾರದ ಮಗುವಿಗೆ ಇದೇ ಬೇಕಾಗಿದ್ದ ಸುಧಾರಣೆ. ಆದರೆ ಒಬ್ಬನೇ ಮೇಷ್ಟರಿರುವ ಕಡೆಯಲ್ಲಿ ಓದು ಬರಹ ಲೆಕ್ಕಗಳೇ ಹೊತ್ತನ್ನು ತಿಂದುಹಾಕುತ್ತವೆ. ಉಳಿ ಬಾಚಿಗಳನ್ನು ಹಿಡಿಸುವುದಕ್ಕೆ ಅವನಿಗೆ ಬಿಡುವೂ ಇಲ್ಲ, ಬಲವೂ ಇಲ್ಲ. ಆದ್ದರಿಂದ ಕಸುಬಿನ ಶಿಕ್ಷಣವು ಹಳ್ಳಿಯ ಶಾಲೆಯೊಳಗೆ ಹೋಗದೆ ಪಟ್ಟಣದ ಬೇರೆ ಶಾಲೆಗಳಿಗೆ ಹೋಯಿತು.

ಆ ಬೇರೆ ಶಾಲೆಗಳೂ ಬೇಗಬೇಗನೆ ಹುಟ್ಟಿಕೊಂಡುವು. 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆ, ಬೆಂಗಳೂರಿನಲ್ಲಿ ಯಂತ್ರಶಿಲ್ಪದ ಶಾಲೆ, ಜಿಲ್ಲೆಗಳಲ್ಲಿ ಕೈಗಾರಿಕೆಯ ಶಾಲೆಗಳು, ವಾಣಿಜ್ಯದ ತರಗತಿಗಳು. ಕೈಗಾರಿಕೆಯ ಇಲಾಖೆಗೆ, ಮದರಾಸಿನಲ್ಲಿ ಅಲ್ಯುಮಿನಿಯಂ ಪಾತ್ರೆಯ ಉದ್ಯಮವನ್ನು ಎಬ್ಬಿಸಿ ಹೆಸರಾಗಿದ್ದ ಆಲ್‌ಫ್ರೆಡ್ ಚಾಟರ್‌ಟನ್ ಸಾಹೇಬರು ಬಂದರು. 1916ರ ಜುಲೈ 27ರಂದು ಮೈಸೂರು ಯೂನಿವರ್ಸಿಟಿಯು ಸ್ಥಾಪಿತವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲನೆಯ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರೇ ಅದರ ಮೊದಲನೆಯ ವೈಸ್ ಛಾನ್ಸಲರು. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಇಪ್ಪತ್ತು ಮಂದಿ ವಿದ್ಯಾರ್ಥಿಗಳಿಂದ ಪ್ರಾರಂಭವಾಯಿತು. ಮುಪ್ಪತ್ತೈದು ವರ್ಷಗಳ ಹಿಂದೆ ತಾವು ಪುಣೆಗೆ ಹೋಗಬೇಕಾಗಿ ಬಂದುದನ್ನು ದಿವಾನರು ಮರೆತಿರಲಿಲ್ಲವೆಂದು ಊಹಿಸಿದರೆ ತಪ್ಪಾಗಲಾರದು.

ಈ ಎಲ್ಲದರ ನಡುವೆ ವಿದ್ಯೆಯೂ ಕಸುಬೂ ನಿಜವಾಗಿ ಕೈಕೂಡಿಸಿದ ಒಂದು ಪ್ರಸಂಗವುಂಟು. ಅದು ಶಾಲೆಯ ಯೋಜನೆಯಿಂದ ಬಂದುದಲ್ಲ, ಯುದ್ಧದಿಂದ ಬಂದುದು. ಮೈಸೂರಿನ ಶ್ರೀಗಂಧದ ಮರವು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದಿತು. 1914ರಲ್ಲಿ ಯೂರೋಪಿನ ಯುದ್ಧವು ಪ್ರಾರಂಭವಾದ ಕೂಡಲೇ ಗಿರಾಕಿಯು ಶತ್ರುವಾಗಿ, ಮರವು ಕೋಠಿಗಳಲ್ಲಿ ರಾಶಿಬಿದ್ದಿತು. ಆಗ ವಿಜ್ಞಾನಮಂದಿರದ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ, ವಾಟ್ಸನ್ ಎಂಬವರು ಪ್ರಯೋಗಶಾಲೆಯಲ್ಲಿ ಎಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಮುಂದೆ ಸಾಬೂನಿನ ಕಾರ್ಖಾನೆಯೂ ತಲೆಯೆತ್ತಿದುವು. ಸಾಬೂನಿನ ಕೆಲಸವನ್ನು ಕಲಿತು ಬರುವುದಕ್ಕೆ ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಮೈಸೂರು ಗಂಧದ ಸಾಬೂನೆಂದು ಮನೆಮನೆಯಲ್ಲಿ ಹೆಸರಾದುದು ಅವರು ತಂದ ವಿದ್ಯೆಯ ಫಲ. ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಕಚ್ಚಾ ಸಾಮಾನು ಮನೆಯಲ್ಲಿಯೇ ಇದ್ದಿತು; ಆಮೇಲೆ ಅವಶ್ಯಕತೆ ಒದಗಿತು; ಆಮೇಲೆ ವಿದ್ಯೆಯನ್ನು ಹುಡುಕಿದರು; ಆ ವಿದ್ಯೆಯನ್ನು ಕಲಿತವನಿಗೆ ಕೆಲಸವು ಕಾದಿದ್ದಿತು. ಜಿಲ್ಲೆಯ ಕೈಗಾರಿಕೆಯ ಶಾಲೆಗಳಲ್ಲಿ ಈ ಕ್ರಮವು ತಲೆಕೆಳಗಾಯಿತು. ಮೊದಲು ಶಾಲೆ, ಆಮೇಲೆ ಹುಡುಗ, ಕೊನೆಗೆ, ಎಲ್ಲಿಯಾದರೂ ಸಿಕ್ಕಿದರೆ, ಕೆಲಸ.

ಕೈಕೆಲಸವೆಂದರೆ ನಮ್ಮ ವಿದ್ಯಾವಂತರಿಗೆ ಹೇಸಿಗೆ, ಆದ್ದರಿಂದಲೇ ಕಸುಬಿನ ಶಾಲೆಗಳು ಏಳಿಗೆಗೆ ಬರಲಿಲ್ಲವೆಂದು ಹೇಳುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದ್ದರೂ ಲೇಖಕನಿಗೆ ಇದು ಪೂರ್ತಿಯಾಗಿ ಒಪ್ಪಿಗೆಯಿಲ್ಲ. ತಿಂಗಳು ತಿಂಗಳಿಗೆ ತಪ್ಪದೆ ಬರುವ ಸಂಬಳ, ಮುಪ್ಪಿನಲ್ಲಿ ಪಿಂಚಣಿ, ಊರಿನಲ್ಲಿ ಮರ್ಯಾದೆ, ಈ ಮೂರೂ ಒಂದೇ ಬಾಗಿಲಿನಲ್ಲಿ ದೊರೆಯುತ್ತಿರುವಾಗ ತಂದೆಯಾದವನು ಮಗನನ್ನು ಇನ್ನೊಂದು ಬಾಗಿಲಿಗೆ ಏಕೆ ಕಳುಹಿಸಬೇಕು? ಇದು ಹೇಸಿಗೆಯಲ್ಲ, ಲೆಕ್ಕಾಚಾರ. ಸಂಸ್ಥಾನದ ರಾಜಕೀಯವೇ ಇದಕ್ಕೆ ಸಾಕ್ಷಿ. ಸರ್ಕಾರದ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂದು ಇತರ ವರ್ಗದವರು ಎತ್ತಿದ ಆಕ್ಷೇಪಣೆಯು ಬೆಳೆದು 1917ರಲ್ಲಿ ಪ್ರಜಾಮಿತ್ರ ಮಂಡಳಿಯು ಹುಟ್ಟಿತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಅರ್ಹತೆಯನ್ನು ಬಿಟ್ಟು ಬೇರೆ ಅಳತೆಗೋಲು ಇರಕೂಡದೆಂದು ವಿಶ್ವೇಶ್ವರಯ್ಯನವರು ಭಾವಿಸಿದ್ದರು. ದಿವಾನಗಿರಿಯನ್ನು ಅವರು ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಸಮಿತಿಯ ಸಲಹೆಗಳನ್ನು ಆಧರಿಸಿ 1921ರಲ್ಲಿ ಹುದ್ದೆಗಳ ಹಂಚಿಕೆಗೆ ಆಜ್ಞೆಯು ಹೊರಟಿತು.

ಈ ವಿವಾದದಲ್ಲಿ ದಿವಾನರ ಪಕ್ಷವನ್ನು ಹಿಡಿದವರೂ ವಿರೋಧಪಕ್ಷದವರೂ ಒಂದು ವಿಷಯದಲ್ಲಿ ಒಮ್ಮತದವರಾಗಿದ್ದರು. ವಿದ್ಯೆಯ ಫಲವೆಂದರೆ ಹುದ್ದೆ. ಶತಮಾನಗಳಿಂದ ಅಕ್ಷರದ ಬಾಗಿಲು ಮುಚ್ಚಿದ್ದವರು ಆ ಬಾಗಿಲನ್ನೇ ಕೇಳಿದುದು ನ್ಯಾಯವೇ ಸರಿ. ಕುಂಬಾರನ ಮಗನಿಗೆ ಕುಂಬಾರಿಕೆಯ ಶಾಲೆ, ನೇಕಾರನ ಮಗನಿಗೆ ನೆಯ್ಗೆಯ ಶಾಲೆ ಎಂದರೆ, ಇದ್ದಲ್ಲಿಯೇ ಇರು ಎಂದು ಹೇಳಿದಂತೆ ಅವರ ಕಿವಿಗೆ ಕೇಳಿಸಿದರೆ ಆಶ್ಚರ್ಯವೇನು? 1918ರಿಂದ 1921ರವರೆಗೆ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಸಿ. ಆರ್. ರೆಡ್ಡಿಯವರು, ದಲಿತ ವರ್ಗಗಳ ಮಕ್ಕಳಿಗೆ ಸರ್ಕಾರೀ ಶಾಲೆಗಳ ಬಾಗಿಲನ್ನು ತೆರೆಸುವುದಕ್ಕೆ ಶ್ರಮಪಟ್ಟಾಗ ಎದುರಿಸಿದ ವಿರೋಧವನ್ನು ನೆನೆದರೆ, ಪುಸ್ತಕದ ಶಾಲೆಗೆ ಅಂದು ಇದ್ದ ಬೆಲೆಯು ತಿಳಿಯುತ್ತದೆ. ಬೆಲೆಯಿಲ್ಲದ ವಸ್ತುವನ್ನು ಯಾರೂ ಬಾಗಿಲಲ್ಲಿ ನಿಂತು ಕಾಯುವುದಿಲ್ಲ.

ಇನ್ನು ಭಾಷೆಯ ಮಾತು. ಕಸುಬಿನ ಹೊಸ ಶಾಲೆಗಳಲ್ಲಿ ಪಾಠವು ಇಂಗ್ಲಿಷಿನಲ್ಲಿ. ಆದರೆ ಗರಗಸ, ಬೈರಿಗೆ, ತೋಪಡ, ಅಡಿಗಲ್ಲು, ತಿದಿ, ಹಣಿಗೆ, ಲಾಳಿ, ಇವೆಲ್ಲ ನಮ್ಮ ಕಸುಬುದಾರರ ನಾಲಗೆಯ ಮೇಲೆ ಇದ್ದ ಮಾತುಗಳು. 1915ರ ಮೇ ತಿಂಗಳಿನಲ್ಲಿ ಸ್ಥಾಪಿತವಾಗಿ ಮುಂದೆ ಚಾಮರಾಜಪೇಟೆಯಲ್ಲಿ ನೆಲೆಸಿದ ಸಾಹಿತ್ಯ ಪರಿಷತ್ತಿನ ಕಾರ್ಯಭಾರವನ್ನು ಬಹುಕಾಲ ಹೊತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪಾಧ್ಯಾಯರು. ಅವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಶಾಸ್ತ್ರದ ವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳಬಹುದೆಂಬುದನ್ನು ಆ ಪತ್ರಿಕೆಯು ಸಿದ್ಧಪಡಿಸಿ ತೋರಿಸಿತು. ಆದರೆ ಅದು ಬಹುಕಾಲ ಬಾಳಲಿಲ್ಲ. ಕಾಲೇಜಿನ ಪಂಡಿತರು ಪಾರಿಭಾಷಿಕ ಶಬ್ದಗಳಿಗಾಗಿ ಸಂಸ್ಕೃತದ ಕಣಜಕ್ಕೆ ಕೈಹಾಕಿದರು. ಪೇಟೆಯ ಬಡಗಿಯ ಬಾಯಿಂದ ಶಬ್ದಗಳನ್ನು ಕೂಡಿಹಾಕುವ ಕೆಲಸವು ಆ ದಿನಗಳಲ್ಲಿ ಯಾರಿಗೂ ಅಷ್ಟು ಮುಖ್ಯವೆಂದು ತೋರಲಿಲ್ಲ. ಹೀಗಾಗಿ ಮರಗೆಲಸವನ್ನು ತಂದೆಯಿಂದ ಚೆನ್ನಾಗಿ ಕಲಿತಿದ್ದ ಹುಡುಗನೂ ಶಾಲೆಗೆ ಬಂದರೆ ತನ್ನ ಕೈಯಲ್ಲಿದ್ದ ಉಳಿಗೆ ಹೊಸ ಹೆಸರನ್ನು ಬಾಯಿಪಾಠ ಮಾಡಬೇಕಾಯಿತು.

1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಹೊಸದೊಂದು ಮಾತನ್ನು ಮುಂದಿಟ್ಟರು: ಕಸುಬನ್ನು ಪಾಠದ ಜೊತೆಯಲ್ಲಿ ಕಲಿಸುವುದಲ್ಲ, ಕಸುಬಿನ ಮೂಲಕವೇ ಪಾಠವನ್ನು ಕಲಿಸುವುದು. ವಿಶ್ವೇಶ್ವರಯ್ಯನವರ ಮಾರ್ಗವಾದರೋ ಯಂತ್ರದ ಮಾರ್ಗ. ಚರಕದಿಂದ ದೇಶದ ಬಡತನವು ನೀಗುವುದೆಂಬ ನಂಬಿಕೆ ಅವರಿಗಿರಲಿಲ್ಲ. ಇಬ್ಬರು ಮಹಾಪುರುಷರೂ ಬರಿಯ ಪುಸ್ತಕದ ಶಾಲೆಯನ್ನು ಒಪ್ಪದವರೇ. ಆದರೆ ಒಬ್ಬರು ನೂಲುವ ಹಳ್ಳಿಯನ್ನೂ ಇನ್ನೊಬ್ಬರು ಉಕ್ಕು ಕರಗಿಸುವ ಕಾರ್ಖಾನೆಯನ್ನೂ ಕಣ್ಣಮುಂದಿಟ್ಟುಕೊಂಡಿದ್ದರು. ನಮ್ಮ ಸೀಮೆಯು ನಡೆದುದು ಎರಡನೆಯವರ ಹಾದಿಯಲ್ಲಿ. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಕಾಗದ, ಪಿಂಗಾಣಿ, ವಿದ್ಯುದ್ದೀಪ ಮೊದಲಾದ ಕಾರ್ಖಾನೆಗಳು ಒಂದರ ಹಿಂದೊಂದು ಹುಟ್ಟಿದುವು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಪ್ರಾರಂಭಿಸಿದರು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ, ಪದವೀಧರನಿಗಿಂತ ಲೇತಿನ ಮುಂದೆ ನಿಂತು ಕೂದಲೆಳೆಯಷ್ಟೂ ತಪ್ಪದೆ ಲೋಹವನ್ನು ಕಡೆಯಬಲ್ಲವನಿಗೆ ಗಿರಾಕಿ ಹೆಚ್ಚಾಯಿತು.

ಸರಿಯಾಗಿ ಈ ಹೊತ್ತಿನಲ್ಲಿ, 1943ರಲ್ಲಿ, ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲಿ ತೆರೆಯಿತು. ಇದರ ಹಿಂದಿನ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಮೇಲೆ ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು 1923ರಿಂದ 1929ರವರೆಗೆ ವಹಿಸಿ ಅದನ್ನು ದಡ ಸೇರಿಸಿದ್ದರು. ಆ ಸೇವೆಗೆ ಸರ್ಕಾರದಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯ ದೊಡ್ಡ ಮೊತ್ತವನ್ನು ತಾವು ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದರು. ಸಂಸ್ಥೆಗೆ ಅವರ ಹೆಸರನ್ನೇ ಇಡಬೇಕೆಂಬ ಸೂಚನೆಯನ್ನು ನಿರಾಕರಿಸಿ ಅರಸರ ಹೆಸರನ್ನು ಸೂಚಿಸಿದರು. ಎಂಜಿನಿಯರಿಂಗ್ ಕಾಲೇಜು ಮೇಲಾಳುಗಳನ್ನು ತಯಾರುಮಾಡುತ್ತಿದ್ದಿತು; ಕಾರ್ಖಾನೆಗಳಲ್ಲಿ ಕೂಲಿಯಾಳುಗಳು ಬೇಕಾದಷ್ಟು ಇದ್ದರು; ನಡುವಣ ಮೆಟ್ಟಿಲು ಬರಿದಾಗಿದ್ದಿತು. ಆ ಮೆಟ್ಟಿಲನ್ನು ಕಟ್ಟುವುದೇ ಈ ಸಂಸ್ಥೆಯ ಉದ್ದೇಶ. ಅದರಲ್ಲಿ ಧ್ವನಿಮುದ್ರಣ, ಚಲನಚಿತ್ರಗ್ರಹಣಗಳಂಥ ಹೊಚ್ಚಹೊಸ ಕಸುಬುಗಳಿಗೂ ಸ್ಥಳವು ದೊರೆತುದು ವಿಶೇಷ. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಅಲ್ಲಿಂದ ಮುಂಬಯಿಗೆ ಹೋಗಿ, ಗುರುದತ್ತರ ‘ಪ್ಯಾಸಾ’ (1957), ‘ಕಾಗಜ್ ಕೇ ಫೂಲ್’ (1959) ಚಿತ್ರಗಳ ಬೆಳಕು ನೆರಳುಗಳನ್ನು ಮೂಡಿಸಿ, ಇಳಿವಯಸ್ಸಿನಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದರು. ಗೋವಿಂದ ನಿಹಲಾನಿಯವರೂ ಅಲ್ಲಿಯ ವಿದ್ಯಾರ್ಥಿಗಳೇ. ಮಗನು ಸಿನಿಮಾ ಕಲಿಯುತ್ತೇನೆಂದರೆ ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ, ಎಂಬತ್ತು ದಾಟಿದ ನಿವೃತ್ತ ದಿವಾನರ ಯೋಜನೆಯಿಂದ ಎದ್ದ ಸಂಸ್ಥೆಯಲ್ಲಿ ಅದು ಪಾಠದ ವಿಷಯವಾಗಿದ್ದಿತು!

1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಬಸವನಗುಡಿಯಲ್ಲಿ ಸ್ವಂತ ಹಣದಿಂದ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಇದು ದೇಶದಲ್ಲಿಯೇ ಮೊದಲನೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜೆಂದು ಪ್ರಸಿದ್ಧವಾಯಿತು. ಪದವಿಯ ಕಡೆಗಿನ ನುಗ್ಗಾಟವು ಅಲ್ಲಿಂದ ಮುಂದೆ ಹೇಗೆ ಬೆಳೆಯಿತೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಬಸವನಗುಡಿ ಮಲ್ಲೇಶ್ವರಗಳ ಮನೆಗಳಲ್ಲಿ ಎಂಜಿನಿಯರಾಗದ ಮಗನನ್ನು ಪರಿಚಯಮಾಡಿಕೊಡುವಾಗ ತಂದೆತಾಯಿಗಳು ಸ್ವಲ್ಪ ದನಿ ತಗ್ಗಿಸುವಷ್ಟರ ಮಟ್ಟಿಗೆ ಅದು ಹೋಯಿತು. ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕೂಡ ಕಾಲಕ್ರಮದಲ್ಲಿ ಪಾಲಿಟೆಕ್ನಿಕ್ ಎಂಬ ಹೆಸರನ್ನು ತಳೆಯಿತು. ಅಲ್ಲಿ ಡಿಪ್ಲೊಮಾ ಪಡೆದವನು ಕಾರ್ಖಾನೆಯ ನಡುಮೆಟ್ಟಿಲಿನಲ್ಲಿ ನಿಲ್ಲುವುದಕ್ಕಿಂತ ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೆ ಹತ್ತುವ ಏಣಿಯಾಗಿ ಅದನ್ನು ಬಳಸಿಕೊಳ್ಳುವ ಅವಕಾಶವೂ ಮುಂದೆ ಒದಗಿತು. ಏಣಿಯನ್ನು ಕೊಟ್ಟುದು ತಪ್ಪೆಂದು ಹೇಳಲಾಗದು. ಮೇಲಕ್ಕೆ ಹೋಗಲು ದಾರಿಯಿಲ್ಲದ ಕಸುಬಿನ ಶಾಲೆಯು ಬೋನಾಗುತ್ತದೆ. ಆದರೆ ಮೇಲಕ್ಕೆ ಹೋಗುವುದೇ ಅದರ ಮುಖ್ಯ ಪ್ರಯೋಜನವಾದಾಗ ನಡುಮೆಟ್ಟಿಲು ಮತ್ತೆ ಬರಿದಾಗುತ್ತದೆ.

ಸ್ವಾತಂತ್ರ್ಯಾನಂತರದ ಪ್ರಯತ್ನಗಳನ್ನು ಬೇಗನೆ ಹೇಳಿ ಮುಗಿಸಬಹುದು. ಅವುಗಳ ಸ್ವರೂಪವು ವಾಚಕರಿಗೆ ಪರಿಚಿತವಾದುದೇ. 1961ರಲ್ಲಿ ಕಾರ್ಖಾನೆಗಳು ಅಭ್ಯಾಸಿಗಳನ್ನು ಸೇರಿಸಿಕೊಳ್ಳಬೇಕೆಂಬ ಕಾನೂನು ದೇಶಕ್ಕೆಲ್ಲ ಬಂದಿತು. 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದಿಂದ ಬೆಂಗಳೂರಿನಲ್ಲಿ ಉಪಕರಣ ತಯಾರಿಕೆಯ ಸರ್ಕಾರೀ ತರಬೇತಿಯ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿ ಕಲಿತವರಿಗೆ ಕೆಲಸಕ್ಕೆ ಕೊರತೆಯಾಗಲಿಲ್ಲ. ಅಚ್ಚುಗಳನ್ನೂ ಉಪಕರಣಗಳನ್ನೂ ಕೊಳ್ಳುವ ಕೈಗಾರಿಕೆಗಳು ಊರ ಸುತ್ತಲೂ ಇದ್ದುದೇ ಇದಕ್ಕೆ ಕಾರಣ. ಹಳೆಯ ಮಂಗಳೂರಿನ ಪಾಠವು ಇಲ್ಲಿಯೂ ಸತ್ಯವಾಯಿತು. 2020ರ ರಾಷ್ಟ್ರೀಯ ವಿದ್ಯಾಭ್ಯಾಸ ನೀತಿಯು ಆರನೆಯ ತರಗತಿಯಿಂದಲೇ ಕಸುಬಿನ ಪರಿಚಯವಾಗಬೇಕೆಂದು ಹೇಳಿತು. ನೂರು ವರ್ಷಗಳ ಹಿಂದಿನ ಸಮಿತಿಗಳ ವರದಿಗಳನ್ನು ಓದಿದವರಿಗೆ ಈ ಮಾತು ಹೊಸದಾಗಿ ಕೇಳಿಸದು.

ಆದರೆ ನಮ್ಮ ರಾಜ್ಯದ ಒಂದು ಪ್ರಯೋಗವನ್ನು ಮಾತ್ರ ಬಿಡುವಂತಿಲ್ಲ. 1977-78ರಲ್ಲಿ ಕರ್ನಾಟಕದ ಜೂನಿಯರ್ ಕಾಲೇಜುಗಳಲ್ಲಿ ಕಸುಬಿನ ತರಗತಿಗಳು ಪ್ರಾರಂಭವಾದುವು, ಜೆ. ಓ. ಸಿ. ಎಂಬ ಮೂರಕ್ಷರದಿಂದ ಅವು ಊರೂರಿನಲ್ಲಿಯೂ ಪರಿಚಿತವಾದುವು. ಹತ್ತನೆಯ ತರಗತಿಯನ್ನು ಮುಗಿಸಿದ ಬಡವರ ಮಕ್ಕಳು, ಹೆಚ್ಚಾಗಿ ಹಳ್ಳಿಯವರು, ಎರಡು ವರ್ಷಗಳಲ್ಲಿ ಒಂದು ಕಸುಬನ್ನು ಕಲಿತು ತಮ್ಮ ಕಾಲ ಮೇಲೆ ನಿಲ್ಲಲಿ ಎಂಬುದು ಉದ್ದೇಶ. ಅದನ್ನು ಕಲಿಸುವುದಕ್ಕೆ ನೇಮಿಸಿಕೊಂಡವರು ಬಹುಮಟ್ಟಿಗೆ ಅರೆಕಾಲದ ಉಪಾಧ್ಯಾಯರು. ಅಲ್ಪ ಸಂಭಾವನೆಯ ಮೇಲೆ ಅವರಲ್ಲಿ ಅನೇಕರು ವರ್ಷಗಟ್ಟಲೆ ದುಡಿದರು. ಸುಮಾರು ಮೂರು ದಶಕಗಳ ಮೇಲೆ ಆ ತರಗತಿಗಳು ಮುಚ್ಚಿಹೋದುವು. ಆಗ ಆ ಉಪಾಧ್ಯಾಯರ ಗತಿಯೇನೆಂಬ ಪ್ರಶ್ನೆಯು ಬಂದಿತು. 2011ರಲ್ಲಿ ಸರ್ಕಾರದವರು ಅದಕ್ಕಾಗಿಯೇ ಒಂದು ವಿಶೇಷ ಕಾನೂನನ್ನು ಮಾಡಿ, ಮೂವತ್ತು ವರ್ಷ ಹುಡುಗರಿಗೆ ಕಸುಬು ಕಲಿಸಿದ್ದವರನ್ನು ಸರ್ಕಾರದ ಬೇರೆ ಬೇರೆ ಇಲಾಖೆಗಳ ಹುದ್ದೆಗಳಿಗೆ ಸೇರಿಸಿಕೊಂಡರು.